ಕಮಾನು ಛಾವಣಿಯಲ್ಲಿ ಕಂಬಿ ಕಾಣುತ್ತಿದೆ, ಗಾರೆ ಮೆತ್ತಿದರೆ ಸಾಕೇ?

ಪ್ರಶ್ನೆ: ನಮ್ಮ ಹತ್ತಿ ಗೋದಾಮಿಗೆ ಸುಮಾರು 60 ವರ್ಷ ಹಳೆಯ ತೆಳು ಕಾಂಕ್ರೀಟಿನ ಕಮಾನು ಛಾವಣಿ ಇದೆ. ಎರಡು ಕಮಾನು ಕೂಡುವಲ್ಲಿ ಸೋರುತ್ತದೆ, ಒಳಗೆ ಚಕ್ಕೆ ಉದುರಿ ಕಂಬಿ ಕಾಣುತ್ತಿದೆ. ಮೇಲೆ ನಾಲ್ಕು ಇಂಚು ಕಾಂಕ್ರೀಟ್ ಹಾಕಿಸಿ, ಒಳಗೆ ಗಾರೆ ಮೆತ್ತಿಸಿ ಎನ್ನುತ್ತಾರೆ ಮೇಸ್ತ್ರಿ. ಮಾಡಿಸಬಹುದೇ?
– ಓದುಗರು, ದಾವಣಗೆರೆ

ಉತ್ತರ: ಮೇಲಿನ ಕಾಂಕ್ರೀಟ್ ಬೇಡವೇ ಬೇಡ. ಇಂಥ ಛಾವಣಿ ನಿಂತಿರುವುದು ದಪ್ಪದಿಂದಲ್ಲ, ಬಾಗಿದ ಆಕಾರದಿಂದ. 75 ಮಿ.ಮೀ. ದಪ್ಪವಿದ್ದರೆ ಅದರ ತೂಕ ಚದರ ಮೀಟರಿಗೆ ಸುಮಾರು 190 ಕೆ.ಜಿ.; ನಾಲ್ಕು ಇಂಚು ಸೇರಿಸಿದರೆ ಅದರ ಮೇಲೆ ಇನ್ನೂ 240 ಕೆ.ಜಿ. ಹೇರಿದಂತೆ.

ಮೊದಲು ಕಮಾನುಗಳ ನಡುವೆ ಮಳೆನೀರು ಹರಿಯುವ ದೋಣಿ ನೋಡಿ. ಹತ್ತಿಯ ದೂಳು, ಪಾರಿವಾಳದ ಹಿಕ್ಕೆ ಕೊಳವೆಯ ಬಾಯಿ ಕಟ್ಟಿರುತ್ತವೆ. ಅಲ್ಲಿ 10 ಸೆಂ.ಮೀ. ನೀರು ನಿಂತರೂ ಚದರ ಮೀಟರಿಗೆ 100 ಕೆ.ಜಿ. ಭಾರ.

ಆಮೇಲೆ ಒಳಮೈಯನ್ನು ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋಗಿ. ಟಣ್ ಎಂದರೆ ಗಟ್ಟಿ. ಡಬಡಬ ಎಂದರೆ ಒಳಗೆ ಬಿಟ್ಟುಕೊಂಡಿದೆ, ಸೀಮೆಸುಣ್ಣದಲ್ಲಿ ಗುರುತು ಹಾಕಿ. ಬಿರುಕಿನ ಮೇಲೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸಿ. ಒಡೆದರೆ ಬಿರುಕು ಇನ್ನೂ ಬೆಳೆಯುತ್ತಿದೆ. ಬಿರುಕಿನ ಅಗಲವನ್ನು ಪ್ರತಿಸಲ ಮುಂಜಾನೆ ಒಂದೇ ಹೊತ್ತಿಗೆ ಅಳೆಯಿರಿ, ನಮ್ಮ ಬಿಸಿಲಿಗೆ ಮಧ್ಯಾಹ್ನದ ಅಳತೆ ಬೇರೆಯೇ ಬರುತ್ತದೆ. ಕೊನೆಯ ಗೋಡೆಯ ಬಳಿ ಓರೆ ಬಿರುಕು ಕಂಡರೆ ಸರಕು ತೆರವು ಮಾಡಿ, ಸ್ಟ್ರಕ್ಚರಲ್ ಇಂಜಿನಿಯರನ್ನು ಕರೆಸಿ.

ಬರೀ ಗಾರೆ ಯಾಕೆ ನಿಲ್ಲುವುದಿಲ್ಲ? ಕಂಬಿಯ ಮೇಲಿನ ಹೊದಿಕೆ 12–15 ಮಿ.ಮೀ. ಅಷ್ಟೇ. ಗಾಳಿಯ ಇಂಗಾಲದ ಡೈಆಕ್ಸೈಡ್ ಅಲ್ಲಿಯವರೆಗೆ ಇಳಿದರೆ ಕಾಂಕ್ರೀಟಿನ ಕ್ಷಾರಗುಣ ಹೋಗಿ ತುಕ್ಕು ಶುರು. ತುಕ್ಕು ಉಬ್ಬಿ ಚಕ್ಕೆಯನ್ನು ತಳ್ಳುತ್ತದೆ. ಹೊಸ ಗಾರೆಯನ್ನೂ ಹಾಗೇ ತಳ್ಳುತ್ತದೆ.

ಸರಿಯಾದ ದುರಸ್ತಿಗೆ ಕಂಬಿಯ ಹಿಂದೆ ಬೆರಳು ತೂರುವಷ್ಟು, ಸುಮಾರು 20 ಮಿ.ಮೀ., ಒಡೆಯಬೇಕು. ಅಪಾಯ ಇರುವುದೇ ಇಲ್ಲಿ: 75 ಮಿ.ಮೀ.ನಲ್ಲಿ ಉಳಿಯುವುದು 30ರ ಆಸುಪಾಸು. ಆದ್ದರಿಂದ ಕಮಾನಿನ ಬಾಗಿಗೇ ಸರಿಯಾಗಿ ಕೆಳಗಿನಿಂದ ಸೆಂಟ್ರಿಂಗ್ (ತಾತ್ಕಾಲಿಕ ಆಸರೆ) ಕೊಟ್ಟು, ಒಂದೆರಡು ಅಡಿಯ ತುಂಡುಗಳಾಗಿ, ಒಂದು ಬಿಟ್ಟು ಒಂದು ಕೈ ಉಳಿಯಲ್ಲೇ ಒಡೆಸಿ. ಬ್ರೇಕರ್ ಯಂತ್ರ ಬೇಡ. ನಡುನೆತ್ತಿಗೆ ಒಂದೇ ಜಾಕಿ ಕೊಟ್ಟರೆ ಅದೇ ಛಾವಣಿಯನ್ನು ತಿವಿಯುತ್ತದೆ. ತಂತಿ ಬ್ರಶ್ಶಿನಿಂದ ಕಂಬಿ ಹೊಳೆಯುವಂತೆ ಉಜ್ಜಿ, ಕಾಲುಭಾಗಕ್ಕಿಂತ ಹೆಚ್ಚು ಸವೆದಿದ್ದರೆ ಪಕ್ಕದಲ್ಲಿ ಹೊಸ ಕಂಬಿ ಕಟ್ಟಿ, ಜಿಂಕ್ ಪ್ರೈಮರ್ ಬಳಿಯಿರಿ. ಪಾಲಿಮರ್ ಗಾರೆಯನ್ನು 10–15 ಮಿ.ಮೀ. ಪದರಗಳಲ್ಲಿ ಒತ್ತಿ. ಒಳಮೈಗೆ ಒದ್ದೆ ಗೋಣಿ ನಿಲ್ಲದು, ಗಾರೆಯ ತೇವ ಆರದಂತೆ ತಡೆಯುವ ಕ್ಯೂರಿಂಗ್ ಕಾಂಪೌಂಡ್ ಹೊಡೆಸಿ. ಮೇಲ್ಮೈಗೆ ಹಗುರ ನೀರುತಡೆ ಲೇಪ ಸಾಕು.

ಪ್ರಶ್ನೆ: ಇಂಥದೇ ಛಾವಣಿಗೆ ರಿಬೌಂಡ್ ಹ್ಯಾಮರ್ (ಮೇಲ್ಮೈಯ ಗಟ್ಟಿತನವನ್ನು ಅಂಕಿಯಲ್ಲಿ ತೋರಿಸುವ ಸಾಧನ) ಹೊಡೆಸಿದೆವು, 42 ಬಂತು. ಕಾಂಕ್ರೀಟ್ ಚೆನ್ನಾಗಿದೆ ಎಂದುಕೊಳ್ಳಬಹುದೇ?
– ಓದುಗರು, ಚಿತ್ರದುರ್ಗ

ಉತ್ತರ: ಅಷ್ಟಕ್ಕೇ ನಂಬಬೇಡಿ. ಕ್ಷಾರ ಕಳೆದುಕೊಂಡ ಹಳೇ ಮೇಲ್ಪದರ ಗಟ್ಟಿಯಾಗುತ್ತದೆ, ಅಂಕಿ ಸುಳ್ಳೇ ಏರುತ್ತದೆ. ಕಂಬಿಯ ಸುದ್ದಿ ಅದಕ್ಕೆ ಗೊತ್ತೇ ಇಲ್ಲ. ಹೊಸದಾಗಿ ಒಡೆದ ಜಾಗಕ್ಕೆ ಫಿನಾಲ್ಫ್ಥಲೀನ್ ದ್ರಾವಣ ಸಿಂಪಡಿಸಿ. ಗುಲಾಬಿ ಬಂದರೆ ಕ್ಷಾರ ಇದೆ. ಕಂಬಿಯ ಆಳದವರೆಗೂ ಬಣ್ಣ ಬರದಿದ್ದರೆ 42 ಆದರೇನು, 50 ಆದರೇನು.