‘ಬಗ್ ಹಾಕಿದೆ, ಯಾರೂ ತಿರುಗಿ ನೋಡಲಿಲ್ಲ’

ಪ್ರಶ್ನೆ: ಸರ್, ನಾನು ಉತ್ತರ ಕನ್ನಡದ ಒಂದು ಸರ್ಕಾರಿ ಪ್ರೌಢಶಾಲೆಯ ಶಿಕ್ಷಕಿ. ಪ್ರಶ್ನೆಪತ್ರಿಕೆ, ಸುತ್ತೋಲೆ ಎಲ್ಲವನ್ನೂ ಲಿಬ್ರೆಆಫೀಸ್ ಎಂಬ ಮುಕ್ತ ತಂತ್ರಾಂಶದ ಬರವಣಿಗೆ ಭಾಗವಾದ ರೈಟರ್‌ನಲ್ಲೇ ಮಾಡುತ್ತೇನೆ. ಮನೆಯಲ್ಲಿ ‘ರ‍್ಯಾಂಕ್’ ಎಂದು ಟೈಪ್ ಮಾಡಿದ್ದನ್ನು ಶಾಲೆಯ ಕಂಪ್ಯೂಟರಿನಲ್ಲಿ ತೆರೆದರೆ ಮೊದಲಿನ ರ ಮಾಯವಾಗಿ, ‘ಯಾ’ ಪಕ್ಕದಲ್ಲಿ ಅರ್ಕಾವತ್ತು ಕೂತಿರುತ್ತದೆ. ತಂತ್ರಾಂಶದ ತಪ್ಪುಗಳನ್ನು (ಬಗ್) ವರದಿ ಮಾಡುವ ಲಿಬ್ರೆಆಫೀಸ್‌ನವರ ತಾಣ ಬಗ್‌ಜಿಲ್ಲಾದಲ್ಲಿ ‘ಕನ್ನಡ ಸರಿಯಾಗಿ ಕಾಣುತ್ತಿಲ್ಲ’ ಎಂದು ದೂರು ಹಾಕಿದೆ. ಯಾರೋ ‘ನೀಡ್‌ಇನ್ಫೊ’ ಎಂದು ಗುರುತು ಹಾಕಿ ಹೋದರು, ಆಮೇಲೆ ಸುದ್ದಿಯೇ ಇಲ್ಲ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ, ಕೋಡ್ ಅಂತೂ ಗೊತ್ತೇ ಇಲ್ಲ. ಸುಮ್ಮನಾಗಿಬಿಡಲೇ?

ಉತ್ತರ: ಸುಮ್ಮನಾಗಬೇಡಿ. ‘ನೀಡ್‌ಇನ್ಫೊ’ ಎಂದರೆ ತಿರಸ್ಕಾರವಲ್ಲ, ‘ಇನ್ನಷ್ಟು ಹೇಳಿ’ ಎಂದಷ್ಟೇ. ನೀವು ಹೇಳಲಿಲ್ಲ, ಅವರು ಮುಂದಿನ ದೂರಿಗೆ ಹೋದರು. ಹಲವು ತಿಂಗಳು ಉತ್ತರ ಬಾರದಿದ್ದರೆ ಒಮ್ಮೆ ನೆನಪಿಸಿ, ಆಮೇಲೆ ಮುಚ್ಚಿಬಿಡುತ್ತಾರೆ. ಮಾಹಿತಿ ಸೇರಿಸಿದ ಮೇಲೆ ಸ್ಥಿತಿಯನ್ನು ನೀವೇ ‘ಅನ್‌ಕನ್ಫರ್ಮ್ಡ್’ಗೆ (ಇನ್ನೂ ಖಚಿತವಾಗದ ದೂರು) ವಾಪಸ್ ತಿರುಗಿಸಬೇಕು. ಬಹಳ ಜನ ಮರೆಯುವುದು ಇದನ್ನೇ. ಮಾಹಿತಿ ಕೊಟ್ಟಿರುತ್ತಾರೆ, ಗುರುತು ಮಾತ್ರ ಹಳೆಯದೇ ಇರುತ್ತದೆ.

ನಿಮ್ಮ ದೂರನ್ನು ಮೊದಲು ಓದುವವರು ಯಾರು ಎಂದು ಒಮ್ಮೆ ಯೋಚಿಸಿ. ಲಿಬ್ರೆಆಫೀಸ್ 2010ರಲ್ಲಿ ಓಪನ್‌ಆಫೀಸ್‌ನಿಂದ ಕವಲೊಡೆದು ಬಂದ ಯೋಜನೆ, ದಿ ಡಾಕ್ಯುಮೆಂಟ್ ಫೌಂಡೇಶನ್ ಅದರ ಮನೆ. ಅಲ್ಲಿ ಹೊಸ ದೂರುಗಳನ್ನು ಜಾಲಾಡುವವರಲ್ಲಿ ಬಹಳಷ್ಟು ಮಂದಿ ಸ್ವಯಂಸೇವಕರು, ಬೇರೆ ಬೇರೆ ದೇಶದವರು. ಅವರಿಗೆ ಕನ್ನಡ ಓದಲು ಬಾರದು. ‘ಕನ್ನಡ ಸರಿಯಾಗಿ ಕಾಣುತ್ತಿಲ್ಲ’ ಎಂದರೆ ಅವರ ಕಣ್ಣಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ! ಸರಿ ಯಾವುದು, ತಪ್ಪು ಯಾವುದು ಎಂಬುದನ್ನು ಅಕ್ಷರ ಗೊತ್ತಿಲ್ಲದವರಿಗೂ ತಿಳಿಯುವಂತೆ ತೋರಿಸುವುದೇ ಇಲ್ಲಿ ಅರ್ಧ ಕೆಲಸ. ಕೋಡ್ ಬರೆಯಬಲ್ಲವರು ಅಲ್ಲಿ ಇದ್ದಾರೆ. ಅರ್ಕಾವತ್ತು ಎಲ್ಲಿ ಬರಬಾರದು ಎಂದು ಬಲ್ಲವರು ಇಲ್ಲ, ಅದು ಗೊತ್ತಿರುವುದು ನಿಮಗೆ.

ದೂರು ತಿದ್ದುವ ಮೊದಲು ತಪ್ಪು ಯಾರದು ಎಂದು ನೋಡೋಣ. ‘ರ‍್ಯಾಂಕ್’ ಎಂದು ಬರೆಯಲು ರ ಮತ್ತು ಹಲಂತದ ನಡುವೆ ಕಣ್ಣಿಗೆ ಕಾಣದ ಒಂದು ಕೂಡುಗುರುತು ಇರಬೇಕು. ಝಡ್‌ಡಬ್ಲ್ಯುಜೆ ಎನ್ನುತ್ತಾರೆ, ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಅದರ ಸಂಖ್ಯೆ 200ಡಿ. ಅದಿಲ್ಲದಿದ್ದರೆ ರ, ಹಲಂತ, ಯ ಸೇರಿ ಅರ್ಕಾವತ್ತು ಆಗುವುದೇ ನಿಯಮ, ಆಗ ತಂತ್ರಾಂಶವನ್ನು ದೂರುವಂತಿಲ್ಲ. ಪದದ ಮೊದಲ ಅಕ್ಷರದ ನಂತರ ಕರ್ಸರ್ ಇಟ್ಟು ಆಲ್ಟ್ ಮತ್ತು ಎಕ್ಸ್ ಒತ್ತಿ, ಅಕ್ಷರಗಳ ಜಾಗದಲ್ಲಿ ಸಂಖ್ಯೆಗಳು ಕಾಣುತ್ತವೆ. ಇನ್ನೊಮ್ಮೆ ಒತ್ತಿದರೆ ಮೊದಲಿನಂತಾಗುತ್ತದೆ. 200ಡಿ ಅಲ್ಲಿ ಇದ್ದರೆ ಮುಂದೆ ಹೋಗೋಣ. ಇಲ್ಲದಿದ್ದರೆ ಕಾಪಿ ಪೇಸ್ಟ್ ಮಾಡುವಾಗ ಎಲ್ಲೋ ಉದುರಿಹೋಗಿದೆ. (ನುಡಿ, ಬರಹದ ಹಳೆಯ ಆಸ್ಕಿ ಫೈಲುಗಳ ಮಾತೇ ಬೇರೆ. ಅವು ಯೂನಿಕೋಡೇ ಅಲ್ಲ, ಅವಕ್ಕೆ ಬೇಕಾದ್ದು ಪರಿವರ್ತಕ, ಬಗ್ ವರದಿಯಲ್ಲ.)

ಎರಡನೆಯ ಅನುಮಾನ ಫಾಂಟಿನ ಮೇಲೆ. ಮನೆಯಲ್ಲಿ ಸರಿ, ಶಾಲೆಯಲ್ಲಿ ತಪ್ಪು ಎಂದರೆ ನನ್ನ ಬೆರಳು ಮೊದಲು ಹೋಗುವುದು ಅಲ್ಲಿಗೇ. ಶಾಲೆಯ ಕಂಪ್ಯೂಟರಿನಲ್ಲಿ ಫೈಲ್ ತೆರೆದು ಫಾಂಟ್ ಹೆಸರಿನ ಪೆಟ್ಟಿಗೆ ನೋಡಿ. ಹೆಸರು ಓರೆ ಅಕ್ಷರದಲ್ಲಿದ್ದರೆ ಆ ಫಾಂಟ್ ಅಲ್ಲಿಲ್ಲ, ಅದರ ಬದಲು ಇನ್ನಾವುದೋ ಬಂದು ಕೂತಿದೆ. ಅಷ್ಟೇ ಆಗಿದ್ದರೆ ಫೈಲಿನ ಪ್ರಾಪರ್ಟೀಸ್‌ನಲ್ಲಿ ಫಾಂಟ್ ಎಂಬ ಭಾಗಕ್ಕೆ ಹೋಗಿ, ಫಾಂಟನ್ನು ಫೈಲಿನೊಳಗೇ ಸೇರಿಸುವ ಆಯ್ಕೆಗೆ ಟಿಕ್ ಹಾಕಿ, ತೊಂದರೆ ಅಲ್ಲಿಗೆ ಮುಗಿಯಬಹುದು.

ಫಾಂಟ್ ಎರಡೂ ಕಡೆ ಒಂದೇ ಇದ್ದೂ ತಪ್ಪು ಬಂದರೆ, ಅದೇ ಪದವನ್ನು ಅದೇ ಫಾಂಟಿನಲ್ಲಿ ಫೈರ್‌ಫಾಕ್ಸ್‌ನಲ್ಲಿ ನೋಡಿ. ಅಕ್ಷರ ಜೋಡಿಸುವ ಕೆಲಸವನ್ನು ರೈಟರ್ ಆಗಲಿ ಫೈರ್‌ಫಾಕ್ಸ್ ಆಗಲಿ ಸ್ವತಃ ಮಾಡುವುದಿಲ್ಲ, ಹಾರ್ಫ್‌ಬಜ್ ಎಂಬ ಇನ್ನೊಂದು ಮುಕ್ತ ತಂತ್ರಾಂಶಕ್ಕೆ ಒಪ್ಪಿಸುತ್ತವೆ. ಕ್ರೋಮ್, ಆಂಡ್ರಾಯ್ಡ್ ಮಾಡುವುದೂ ಅದನ್ನೇ. ಹಾಗಾಗಿ ಎರಡರಲ್ಲೂ ಒಂದೇ ತಪ್ಪು ಬಂದರೆ ಗುಮಾನಿ ಫಾಂಟ್ ಅಥವಾ ಹಾರ್ಫ್‌ಬಜ್ ಮೇಲೆ. ಬೇರೆ ಫಾಂಟ್ ಹಾಕಿದಾಗ ಸರಿಹೋದರೆ ಆ ಫಾಂಟೇ ಕಾರಣ. ರೈಟರ್‌ನಲ್ಲಿ ಮಾತ್ರ ಕೆಟ್ಟರೆ ದೂರು ಲಿಬ್ರೆಆಫೀಸ್‌ಗೆ ಸರಿಯಾಗಿ ಸಲ್ಲುತ್ತದೆ. ಮೈಕ್ರೋಸಾಫ್ಟ್‌ನ ತುಂಗಾ ಫಾಂಟಿನಲ್ಲಿ ದೋಷವಿದ್ದರೆ ಲಿಬ್ರೆಆಫೀಸ್‌ನವರು ಅದನ್ನು ಮುಟ್ಟುವಂತೆಯೇ ಇಲ್ಲ. ನೋಟೊ ಸಾನ್ಸ್ ಕನ್ನಡದಂಥ ಮುಕ್ತ ಫಾಂಟಾದರೆ ಅದನ್ನು ನೋಡಿಕೊಳ್ಳುವವರಿಗೇ ಹೇಳಬಹುದು.

ಇಷ್ಟು ನೋಡಿಯಾದ ಮೇಲೆ ದೂರಿನ ತಲೆಬರಹ ತಾನಾಗಿ ಹೊಳೆಯುತ್ತದೆ: ‘ರೈಟರ್: ಕನ್ನಡದ ರ, ಝಡ್‌ಡಬ್ಲ್ಯುಜೆ, ಹಲಂತ, ಯ ಸರಣಿ ಅರ್ಕಾವತ್ತಾಗಿ ಕಾಣುತ್ತದೆ, ಫೈರ್‌ಫಾಕ್ಸ್‌ನಲ್ಲಿ ಸರಿ ಇದೆ.’ ಇದನ್ನು ಇಂಗ್ಲಿಷಿನಲ್ಲಿ ಬರೆಯಬೇಕು, ನಿಜ. ಆದರೆ ವ್ಯಾಕರಣ ತಪ್ಪಿದರೆ ಯಾರೂ ನಗುವುದಿಲ್ಲ, ಅಲ್ಲಿರುವ ಅನೇಕರಿಗೆ ಇಂಗ್ಲಿಷ್ ಎರಡನೆಯ ಭಾಷೆಯೇ. ಕೆಳಗೆ ಏನೇನು ಮಾಡಿದಿರಿ ಎಂಬುದನ್ನು ಒಂದೊಂದು ಸಾಲಿನಲ್ಲಿ ಬರೆಯಿರಿ: ಫೈಲ್ ತೆರೆದೆ, ಮೊದಲ ಸಾಲು ನೋಡಿದೆ, ಹೀಗೆ ಕಾಣಬೇಕಿತ್ತು, ಹೀಗೆ ಕಂಡಿತು. ಎರಡು ಸ್ಕ್ರೀನ್‌ಶಾಟ್ ಸಾಕು, ಸರಿಯಾದದ್ದು ಒಂದು, ತಪ್ಪಿದ್ದು ಇನ್ನೊಂದು, ತಪ್ಪಿನ ಸುತ್ತ ಕೆಂಪು ಗೆರೆ. ಹೆಲ್ಪ್ ಮೆನುವಿನ ಅಬೌಟ್ ಕಿಟಕಿಯಲ್ಲಿ ಆವೃತ್ತಿಯ ವಿವರ ಕಾಪಿ ಮಾಡಲು ಗುಂಡಿಯೇ ಇದೆ, ಅದನ್ನು ಹಾಗೇ ಅಂಟಿಸಿ.

ಜೊತೆಗೆ ಓಡಿಟಿ ಫೈಲ್ (ರೈಟರ್‌ನಲ್ಲಿ ಉಳಿಸಿದ ಫೈಲ್) ಲಗತ್ತಿಸಿ. ಆದರೆ ಪ್ರಶ್ನೆಪತ್ರಿಕೆಯನ್ನಲ್ಲ! ಬಗ್‌ಜಿಲ್ಲಾಕ್ಕೆ ಹಾಕಿದ್ದು ಜಗತ್ತಿಗೇ ಕಾಣುತ್ತದೆ. ಹೊಸ ಫೈಲ್ ಮಾಡಿ, ಆ ಒಂದು ಪದವನ್ನಷ್ಟೇ ಇಟ್ಟು ಕಳಿಸಿ. ಒಂದು ಪದದ ಫೈಲಿನಲ್ಲೂ ತಪ್ಪು ಮರುಕಳಿಸಿದರೆ ಡೆವಲಪರ್‌ಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ಹಳೆಯ ಆವೃತ್ತಿಯಲ್ಲಿ ಸರಿ ಬರುತ್ತಿತ್ತು ಎಂಬ ನೆನಪಿದ್ದರೆ ಅದನ್ನೂ ಬರೆಯಿರಿ, ಚಿನ್ನದಂಥ ಮಾಹಿತಿ ಅದು. ಕೆಟ್ಟ ಆವೃತ್ತಿ, ಸರಿಯಿದ್ದ ಆವೃತ್ತಿ ಎರಡೂ ಸಿಕ್ಕರೆ ನಡುವಿನ ಬದಲಾವಣೆಗಳನ್ನು ಅರ್ಧರ್ಧ ಮಾಡುತ್ತ ಹುಡುಕಬಹುದು. ಸಾವಿರ ಬದಲಾವಣೆಗಳಿದ್ದರೂ ಸುಮಾರು 10 ಪರೀಕ್ಷೆಯಲ್ಲಿ ತಪ್ಪು ಹುಟ್ಟಿದ ಜಾಗ ಸಿಗುತ್ತದೆ. ಲಿಬ್ರೆಆಫೀಸ್‌ನವರು ಇದಕ್ಕೆಂದೇ ಹಳೆಯ ಬಿಲ್ಡ್‌ಗಳ (ಕೋಡಿನಿಂದ ತಯಾರಿಸಿದ, ಓಡಿಸಬಹುದಾದ ಪ್ರತಿಗಳು) ರಾಶಿ ಇಟ್ಟುಕೊಂಡಿದ್ದಾರೆ, ‘ಬಿಬಿಸೆಕ್ಟ್’ ಎನ್ನುತ್ತಾರೆ.

ಪ್ರಶ್ನೆ: ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಆರನೇ ಸೆಮಿಸ್ಟರ್ ಓದುತ್ತಿದ್ದೇನೆ. ರೆಸ್ಯೂಮೆಯಲ್ಲಿ ಓಪನ್ ಸೋರ್ಸ್ (ಮುಕ್ತ ತಂತ್ರಾಂಶ) ಕೆಲಸ ಇರಲೇಬೇಕು ಎಂದು ಸೀನಿಯರ್‌ಗಳು ಹೇಳಿದರು. ನಾಲ್ಕೈದು ಯೋಜನೆಗಳಿಗೆ ರೀಡ್‌ಮಿ (ಯೋಜನೆಯ ಪರಿಚಯದ ಫೈಲ್) ತಿದ್ದುಪಡಿ ಕಳಿಸಿದೆ. ಎರಡನ್ನು ‘ಸ್ಪ್ಯಾಮ್’ ಎಂದು ಮುಚ್ಚಿದರು, ಉಳಿದವಕ್ಕೆ ಉತ್ತರವೇ ಇಲ್ಲ. ಎಐ ಸಹಾಯದಿಂದ ಕೋಡ್ ಕಳಿಸಿದರೆ ಬೇಗ ಒಪ್ಪುತ್ತಾರಾ?

ಉತ್ತರ: ಒಪ್ಪುವುದಿಲ್ಲ, ಇನ್ನೂ ಬೇಗ ಮುಚ್ಚುತ್ತಾರೆ. ಇಂಟರ್‌ನೆಟ್ ಮೂಲಕ ದತ್ತಾಂಶ ಸಾಗಿಸುವ ಕರ್ಲ್ ತಂತ್ರಾಂಶದ ಮುಖ್ಯ ನಿರ್ವಾಹಕ ಡೇನಿಯಲ್ ಸ್ಟೆನ್‌ಬರ್ಗ್ ಎಐ ಬರೆದ ಹುಸಿ ಭದ್ರತಾ ವರದಿಗಳಿಂದ ತಮ್ಮ ತಂಡದ ಸಮಯ ಹಾಳಾಗುತ್ತಿದೆ ಎಂದು ಬಹಿರಂಗವಾಗಿಯೇ ಹೇಳಿಕೊಂಡಿದ್ದಾರೆ. ಎಐ ಬಳಸುವುದು ಬಿಡುವುದು ಆಯಾ ಯೋಜನೆಯ ನಿಯಮಕ್ಕೆ ಬಿಟ್ಟದ್ದು, ಮೊದಲು ಅದನ್ನು ಓದಿ. ಕಳಿಸಿದ ಪ್ರತಿ ಸಾಲು ಏಕೆ ಹೀಗಿದೆ ಎಂದು ಕೇಳಿದರೆ ನಿಮಗೆ ಉತ್ತರ ಗೊತ್ತಿರಬೇಕು.

ರೀಡ್‌ಮಿ ವಿಷಯಕ್ಕೆ ಒಂದು ಹಳೆಯ ಕಥೆಯಿದೆ. ಡಿಜಿಟಲ್‌ಓಷನ್ ಕಂಪನಿಯ ಹ್ಯಾಕ್ಟೋಬರ್‌ಫೆಸ್ಟ್ ಎಂಬ ಮುಕ್ತ ತಂತ್ರಾಂಶದ ಹಬ್ಬದಲ್ಲಿ ನಾಲ್ಕು ಪುಲ್ ರಿಕ್ವೆಸ್ಟ್ (ಈ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ಕಳಿಸಿದರೆ ಟೀ ಶರ್ಟ್ ಸಿಗುತ್ತಿತ್ತು. 2020ರ ಅಕ್ಟೋಬರ್‌ನಲ್ಲಿ ರೀಡ್‌ಮಿಗೆ ಒಂದೊಂದು ವಿಶೇಷಣ ಅಂಟಿಸಿ ಕಳಿಸುವವರ ಪ್ರವಾಹವೇ ಬಂತು. ಕೊನೆಗೆ, ತಾವಾಗಿ ಒಪ್ಪಿಕೊಂಡ ಯೋಜನೆಗಳಿಗೆ ಮಾತ್ರ ಲೆಕ್ಕ ಎಂದು ಹಬ್ಬದ ನಡುವೆಯೇ ನಿಯಮ ಬದಲಿಸಬೇಕಾಯಿತು. ಅಂದಿನಿಂದ ಅಪರಿಚಿತರ ರೀಡ್‌ಮಿ ತಿದ್ದುಪಡಿ ಕಂಡರೆ ಬಹಳ ಜನರಿಗೆ ಅಲರ್ಜಿ.

ನೀವು ದಿನಾ ಬಳಸುವ ಒಂದೇ ಒಂದು ತಂತ್ರಾಂಶ ಆರಿಸಿಕೊಳ್ಳಿ. ಮೇಲಿನ ಶಿಕ್ಷಕಿಯ ನೆಪದಲ್ಲಿ ಲಿಬ್ರೆಆಫೀಸ್ ಅನ್ನೇ ತೆಗೆದುಕೊಳ್ಳೋಣ. ಅಲ್ಲಿ ಹೊಸಬರಿಗೆಂದೇ ‘ಈಸಿ ಹ್ಯಾಕ್ಸ್’ ಎಂದು ಗುರುತಿಸಿದ ಬಗ್‌ಗಳಿವೆ, ಆರಂಭಿಕರಿಗೆ ಯಾವುದು ಎಂಬುದೂ ನಮೂದಾಗಿರುತ್ತದೆ. ಮೊದಲ ಬಿಲ್ಡ್‌ಗೆ ಸಾಧಾರಣ ಲ್ಯಾಪ್‌ಟಾಪ್ ಹಲವು ಗಂಟೆ ತಿನ್ನುತ್ತದೆ, ರಾತ್ರಿ ಹಚ್ಚಿಟ್ಟು ಮಲಗಿ. ನಿಮ್ಮ ಕೋಡನ್ನು ಎಂಪಿಎಲ್ ಮತ್ತು ಎಲ್‌ಜಿಪಿಎಲ್ ಎಂಬ ಮುಕ್ತ ಲೈಸೆನ್ಸ್‌ಗಳಡಿ ಕೊಡುತ್ತೇನೆಂದು ಡೆವಲಪರ್‌ಗಳ ಮೇಲ್ ಪಟ್ಟಿಗೆ ಒಂದು ವಾಕ್ಯ ಕಳಿಸಬೇಕು. ಪ್ಯಾಚ್ (ಕೋಡಿನ ತಿದ್ದುಪಡಿ) ಹೋಗುವುದು ಗಿಟ್‌ಹಬ್ ಎಂಬ ಕೋಡ್ ತಾಣಕ್ಕಲ್ಲ, ಕೋಡ್ ಪರಿಶೀಲಿಸುವ ಗೆರಿಟ್‌ಗೆ. ಅಲ್ಲಿ ಮೊದಲು ಯಂತ್ರ ಬಿಲ್ಡ್ ಮಾಡಿ ನೋಡುತ್ತದೆ, ಆಮೇಲೆ ಮನುಷ್ಯರು. ‘ಮೈನಸ್ 1’ ಬಿದ್ದರೆ ಮುಖ ಸಣ್ಣದು ಮಾಡಬೇಡಿ. ತಿದ್ದಿ ಮತ್ತೆ ಕಳಿಸಿ ಎಂದಷ್ಟೇ ಅದರ ಅರ್ಥ, ಹಳೆಯ ಹುಲಿಗಳಿಗೂ ಬೀಳುತ್ತಿರುತ್ತದೆ.

ಒಂದು ಪ್ಯಾಚ್‌ನಲ್ಲಿ ಒಂದೇ ಬದಲಾವಣೆ ಇರಲಿ. ಬಗ್ ಸರಿಪಡಿಸುವ ಮೂರು ಸಾಲಿನ ಜೊತೆ ಇಡೀ ಫೈಲಿನ ಸ್ಪೇಸ್‌ಗಳನ್ನೂ ‘ಚೆಂದ’ ಮಾಡಿ ಕಳಿಸಿದರೆ, ಓದುವವರು ಆ ಮೂರು ಸಾಲನ್ನು ಮುನ್ನೂರು ಸಾಲಿನಲ್ಲಿ ಹುಡುಕಬೇಕಾಗುತ್ತದೆ. ಕಮಿಟ್ ಸಂದೇಶದಲ್ಲಿ (ಬದಲಾವಣೆಯ ಜೊತೆ ಬರೆಯುವ ಟಿಪ್ಪಣಿ) ಏನು ಬದಲಿಸಿದಿರಿ ಎನ್ನುವುದಕ್ಕಿಂತ ಏಕೆ ಬದಲಿಸಿದಿರಿ ಎಂದು ಬರೆಯಿರಿ. ಏನು ಎಂಬುದು ಕೋಡಿನಲ್ಲೇ ಕಾಣುತ್ತದೆ. ಸಾಧ್ಯವಿದ್ದರೆ ಒಂದು ಟೆಸ್ಟ್ ಸೇರಿಸಿ.

ಎರಡು ವಾರ ಉತ್ತರ ಬಾರದಿದ್ದರೆ ಒಮ್ಮೆ ವಿನಯವಾಗಿ ನೆನಪಿಸಬಹುದು. ದಿನಾ ಕೇಳಬೇಡಿ. ಹೊಸಬರ ಒತ್ತಾಯಕ್ಕೆ ನಿರ್ವಾಹಕರು ಹೆದರಲು ಕಾರಣವಿದೆ. ಫೈಲುಗಳ ಗಾತ್ರ ಕುಗ್ಗಿಸುವ ಎಕ್ಸ್‌ಝಡ್ ಎಂಬ ಪುಟ್ಟ ತಂತ್ರಾಂಶವನ್ನು ಹೆಚ್ಚುಕಡಿಮೆ ಒಬ್ಬರೇ ಬಿಡುವಿನಲ್ಲಿ ನೋಡಿಕೊಳ್ಳುತ್ತಿದ್ದರು. 2022ರಲ್ಲಿ ಅಪರಿಚಿತ ಖಾತೆಗಳಿಂದ ‘ಏಕಿಷ್ಟು ನಿಧಾನ, ಬೇರೆಯವರಿಗೆ ಬಿಟ್ಟುಕೊಡಿ’ ಎಂಬ ಒತ್ತಡ ಬಂತು. ಅಷ್ಟರಲ್ಲಿ ಸೌಜನ್ಯದಿಂದ ಪ್ಯಾಚ್ ಕಳಿಸುತ್ತ ನಂಬಿಕೆ ಗಳಿಸಿದ್ದ ಖಾತೆಯೊಂದಕ್ಕೆ ಅಧಿಕಾರ ಸಿಕ್ಕಿತು. 2024ರ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಆ ಖಾತೆಯೇ ಹಿಂಬಾಗಿಲು, ಅಂದರೆ ಗುಟ್ಟಾಗಿ ಒಳನುಗ್ಗುವ ದಾರಿ, ಇಟ್ಟಿತ್ತು. ನಿಮ್ಮ ಪ್ಯಾಚ್ ಯಾರಾದರೂ ನಿಧಾನವಾಗಿ, ಅನುಮಾನದಿಂದ ಓದಿದರೆ ಬೇಸರ ಬೇಡ.

ಪ್ರಶ್ನೆ: ಬೆಂಗಳೂರಿನ ಐಟಿ ಕಂಪನಿಯಲ್ಲಿದ್ದೇನೆ. ರಜೆಯ ದಿನ, ನನ್ನದೇ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್‌ಗೆ ಪ್ಯಾಚ್ ಬರೆದರೆ ಕಂಪನಿ ತಕರಾರು ಮಾಡಬಹುದೇ?

ಉತ್ತರ: ಮಾಡಬಹುದು. ರಜೆ, ಸ್ವಂತ ಲ್ಯಾಪ್‌ಟಾಪ್ ಎರಡೂ ಪೂರ್ತಿ ರಕ್ಷಣೆಯಲ್ಲ. ನೇಮಕಾತಿ ಪತ್ರದಲ್ಲಿ ನೀವು ಬರೆದದ್ದೆಲ್ಲ ಕಂಪನಿಯದು ಎಂಬ ಸಾಲು ಇದೆಯೇ ನೋಡಿ, ಇದ್ದರೆ ಮೊದಲು ಲಿಖಿತ ಅನುಮತಿ ಪಡೆಯಿರಿ. ಕರ್ನಲ್ ಪ್ಯಾಚ್‌ನ ಕೊನೆಗೆ ‘ಸೈನ್ಡ್ ಆಫ್ ಬೈ’ ಎಂದು ಹೆಸರು ಹಾಕುತ್ತೀರಲ್ಲ, ಅದು ಬರೀ ಶಿಷ್ಟಾಚಾರವಲ್ಲ. ಈ ಕೋಡನ್ನು ಕೊಡುವ ಹಕ್ಕು ನನಗಿದೆ ಎಂಬ ಘೋಷಣೆ ಅದು. ಕರ್ನಲ್ ಕೋಡಿನ ಮೂಲದ ಬಗ್ಗೆ ಎಸ್‌ಸಿಒ ಕಂಪನಿ ಎಬ್ಬಿಸಿದ ವ್ಯಾಜ್ಯದ ದಿನಗಳಲ್ಲಿ, 2004ರಲ್ಲಿ, ಈ ಪದ್ಧತಿ ಬಂತು.

ಪ್ರಶ್ನೆ: ಒಂದು ಮುಕ್ತ ತಂತ್ರಾಂಶದಲ್ಲಿ ಪಾಸ್‌ವರ್ಡ್ ಇಲ್ಲದೆ ಒಳಹೋಗುವ ದಾರಿ ಕಂಡಿದೆ. ಬಗ್ ಹಾಕಲೇ?

ಉತ್ತರ: ಎಲ್ಲರಿಗೂ ಕಾಣುವ ಕಡೆ ಹಾಕಬೇಡಿ. ಯೋಜನೆಯ ‘ಸೆಕ್ಯುರಿಟಿ’ ಫೈಲಿನಲ್ಲಿ ಖಾಸಗಿ ವಿಳಾಸ ಇರುತ್ತದೆ, ಗಿಟ್‌ಹಬ್‌ನಲ್ಲಾದರೆ ಖಾಸಗಿಯಾಗಿ ವರದಿ ಮಾಡುವ ಗುಂಡಿ ಹಲವೆಡೆ ತೆರೆದಿರುತ್ತದೆ. ಮೇಲೆ ಹೇಳಿದ ಎಕ್ಸ್‌ಝಡ್ ಹಿಂಬಾಗಿಲನ್ನು ಪತ್ತೆ ಮಾಡಿದವರು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್. ದೂರದ ಕಂಪ್ಯೂಟರನ್ನು ಪ್ರವೇಶಿಸುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂದು ಕೆದಕಿ, ಮೊದಲು ಲಿನಕ್ಸ್ ವಿತರಕರ ಭದ್ರತಾ ತಂಡಗಳಿಗೆ ಗುಟ್ಟಾಗಿ ತಿಳಿಸಿ, ಆಮೇಲೆ 2024ರ ಮಾರ್ಚ್ 29ರಂದು ಬಹಿರಂಗಪಡಿಸಿದರು. ನೀವೂ ಅದೇ ಕ್ರಮ ಹಿಡಿಯಿರಿ. ತಪ್ಪು ಮರುಕಳಿಸುವ ವಿಧಾನ, ಆವೃತ್ತಿ, ಯಾವ ದಿನದವರೆಗೆ ಗುಟ್ಟಾಗಿಡುತ್ತೀರಿ ಎಂಬುದನ್ನು ಬರೆದು ಕಳಿಸಿ. ಬೇರೆಯವರ ಸರ್ವರ್ ಮೇಲೆ ಪ್ರಯೋಗ ಮಾಡಬೇಡಿ, ಗೆಳೆಯರ ವಾಟ್ಸಾಪ್ ಗುಂಪಿಗೂ ಹಾಕಬೇಡಿ.