ಪೋಲಿಯೋ ಹನಿಯ ವೈರಸ್ ಬೇರೆ ವೈರಸ್ ಜೊತೆ ಬೆರೆಯುತ್ತದಂತೆ, ಮಗುವಿಗೆ ಹಾಕಿಸಬಹುದಾ?

ನೀವು ವಾಟ್ಸಾಪಿನಲ್ಲಿ ಓದಿದ್ದು ಪೂರ್ತಿ ಸುಳ್ಳಲ್ಲ. ಬೆರೆಯುತ್ತದೆ. ಆದರೂ ಹಾಕಿಸಿ. ನಾನು ಡಾಕ್ಟರಲ್ಲ, ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಕನ್ನಡ ಶಾಲೆಯಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದವನು.

ನಮ್ಮಜ್ಜ ಯಕ್ಷಗಾನ ಪ್ರಸಂಗಗಳನ್ನು ಕೈಯಲ್ಲೇ ನಕಲು ಮಾಡುತ್ತಿದ್ದರು. ಎದುರಿಗೆ ಎರಡು ಪ್ರತಿ ಇದ್ದರೆ ಒಮ್ಮೊಮ್ಮೆ ಕಣ್ಣು ಜಾರಿ, ಪದ್ಯದ ಅರ್ಧ ಇದರಿಂದ, ಉಳಿದರ್ಧ ಅದರಿಂದ ಬರೆದುಬಿಡುತ್ತಿದ್ದರು. ಪೋಲಿಯೋ ವೈರಸ್ಸಿನಲ್ಲೂ ಹೀಗೇ. ಅದರ ಆರ್‌ಎನ್‌ಎ (ವಂಶವಾಹಿಯ ಎಳೆ) ನಕಲು ಮಾಡುವ ಕಿಣ್ವ ಒಂದು ಎಳೆ ಬಿಟ್ಟು ಪಕ್ಕದ ಎಳೆಗೆ ಹಾರುತ್ತದೆ. ಹಾಗಾಗಲು ಎರಡು ವೈರಸ್ ಒಂದೇ ಜೀವಕೋಶದೊಳಗೆ, ಒಂದೇ ಹೊತ್ತಿಗೆ ಬೆಳೆಯುತ್ತಿರಬೇಕು. ಪೋಲಿಯೋ ಇಂಜೆಕ್ಷನ್, ಕೋವ್ಯಾಕ್ಸಿನ್‌ಗಳಲ್ಲಿ ಇರುವುದು ಸತ್ತ ವೈರಸ್. ಅಲ್ಲಿ ಈ ಪ್ರಶ್ನೆಯೇ ಇಲ್ಲ.

ಬಾಯಿಗೆ ಹಾಕುವ ಹನಿಯಲ್ಲಿರುವುದು ಬಲ ಕುಂದಿಸಿದ, ಆದರೆ ಜೀವಂತ ವೈರಸ್. ಲಸಿಕೆ ಸಿಗದ ಮಕ್ಕಳು ಜಾಸ್ತಿ ಇರುವ ಕಡೆ ಅದು ಮಲದ ಮೂಲಕ ಮಗುವಿನಿಂದ ಮಗುವಿಗೆ ತಿಂಗಳುಗಟ್ಟಲೆ ಓಡಾಡುತ್ತದೆ. ಕರುಳಲ್ಲಿ ಸಿಕ್ಕ ತನ್ನ ನೆಂಟ ವೈರಸ್‌ಗಳ ಜೊತೆ ಬೆರೆಯುತ್ತದೆ, ತಾನೂ ಬದಲಾಗುತ್ತದೆ, ಕೊನೆಗೆ ಕಾಲಿನ ಬಲ ಕಸಿಯುವಷ್ಟು ಜೋರಾಗಬಹುದು. ಅಂದರೆ ಅದಕ್ಕೆ ದಾರಿ ಸಿಗುವುದೇ ಹನಿ ಹಾಕಿಸದ ಮಕ್ಕಳಿಂದ. ಪೋಲಿಯೋ ವೈರಸ್ಸಿನಲ್ಲಿ 1, 2, 3 ಅಂತ ಮೂರು ಬಗೆ (ಟೈಪ್). ಇಂಥ ಪ್ರಕರಣಗಳಲ್ಲಿ ಬಹುಪಾಲು ಟೈಪ್ 2ರವು. ಅದಕ್ಕೇ 2016ರ ಏಪ್ರಿಲ್‌ನಲ್ಲಿ ಲೋಕದಾದ್ಯಂತ ಮಾಮೂಲಿ ಹನಿಯಿಂದ ಟೈಪ್ 2 ತೆಗೆದರು. ನಿಮ್ಮ ಮಗುವಿಗೆ ಹಾಕುವುದರಲ್ಲಿ 1 ಮತ್ತು 3 ಮಾತ್ರ ಇವೆ.

ಟೈಪ್ 2 ಮತ್ತೆ ಹರಡಿದ ದೇಶಗಳಿಗೆ ಹೊಸ ಹನಿಯೊಂದನ್ನು ಕಟ್ಟಿದರು. ನನಗಂತೂ ಇದೇ ಬಹಳ ಇಷ್ಟವಾದ ಭಾಗ. ನಕಲಿಗೆ ಬೇಕೇಬೇಕಾದ ಒಂದು ಗುರುತನ್ನು ಅದರ ಹಳೇ ಜಾಗದಲ್ಲಿ ಕೆಡಿಸಿ, ಬಲ ಕುಂದಿಸಿದ ಭಾಗದ ಪಕ್ಕಕ್ಕೆ ತಂದು ಕೂರಿಸಿದರು. ಬೇರೆ ವೈರಸ್ಸಿನ ತುಂಡು ಪಡೆದು ಆ ಭಾಗವನ್ನು ಬಿಸಾಡಿದರೆ, ಗುರುತೂ ಜೊತೆಗೇ ಹೋಗುತ್ತದೆ. ಆಮೇಲೆ ವೈರಸ್ ಬೆಳೆಯಲಾರದು! 2021ರಿಂದ ಬಳಕೆಯಲ್ಲಿದೆ. ಪೂರ್ತಿ ಗೆದ್ದಿಲ್ಲ ಬಿಡಿ, 2023ರಲ್ಲಿ ಬುರುಂಡಿ ಮತ್ತು ಕಾಂಗೋದಲ್ಲಿ ಇದರಿಂದಲೂ ಕೆಲವು ಮಕ್ಕಳಿಗೆ ಪೋಲಿಯೋ ಬಂತು. ಹಳೆಯದಕ್ಕಿಂತ ಎಷ್ಟೋ ವಾಸಿ.

ಕೋಳಿ ಸಾಕುವವರಿಗೆ ಇನ್ನೊಂದು ಕಥೆ. ಆಸ್ಟ್ರೇಲಿಯಾದಲ್ಲಿ ಕೋಳಿಗಳ ಉಸಿರಾಟದ ರೋಗಕ್ಕೆ ಅಲ್ಲಿನದೇ ಜೀವಂತ ಲಸಿಕೆಗಳಿದ್ದವು. ಯುರೋಪಿನ ಇನ್ನೊಂದನ್ನೂ ತಂದರು. ಎರಡರ ವೈರಸ್‌ಗಳೂ ಬೆರೆತು ಕೋಳಿ ಕೊಲ್ಲುವ ತಳಿ ಹುಟ್ಟಿದ್ದು 2012ರಲ್ಲಿ ಬೆಳಕಿಗೆ ಬಂತು. ಜೀವಂತ ಲಸಿಕೆ ಮಾಡುವವರು ಬೆರಕೆಯ ಬಗ್ಗೆ ತಲೆ ಕೆಡಿಸಿಕೊಳ್ಳುವುದು ಸುಮ್ನೆ ಅಲ್ಲ.

ನಮ್ಮ ದೇಶದಲ್ಲಿ ಕಾಡು ಪೋಲಿಯೋದ (ಲಸಿಕೆಯಿಂದ ಹುಟ್ಟಿದ್ದಲ್ಲ, ಮೂಲ ವೈರಸ್ಸಿನದು) ಕೊನೆಯ ಪ್ರಕರಣ 2011ರ ಜನವರಿಯಲ್ಲಿ, ಹೌರಾದಲ್ಲಿ. ಆ ಸ್ಥಿತಿಗೆ ತಂದದ್ದು ಇದೇ ಹನಿ, ಅಲ್ವಾ? 6 ಮತ್ತು 14ನೇ ವಾರಕ್ಕೆ ಹನಿಯ ಜೊತೆ ಕೊಡುವ ಇಂಜೆಕ್ಷನ್ನನ್ನೂ ತಪ್ಪಿಸಬೇಡಿ, ಅದರಲ್ಲಿ ಟೈಪ್ 2 ಕೂಡ ಇದೆ. ಮತ್ತೆ, ಅಂಗನವಾಡಿಯ ನೋಟೀಸು ಮಲಯಾಳದಲ್ಲೇ ಇದ್ದರೆ ‘ತುಳ್ಳಿಮರುನ್ನ್’ ಅಂತ ಇರುತ್ತದೆ. ಅದೇ ಈ ಹನಿ.