ಸಹಿ ಹಾಕಿದ್ದು ಗುಡ್ಡಕ್ಕೆ, ಕೆಟ್ಟ ಬ್ರೇಕಿಗಲ್ಲ

ಈ ಸಲ ಬಂದ ಪತ್ರಗಳಲ್ಲಿ ಮೂರು ಸೈಕಲ್ಲಿನವು. ಪೇಟೆ ಸೈಕಲ್ ಅಲ್ಲ, ಗುಡ್ಡ ಹತ್ತಿಸಿ ಇಳಿಸುವ ಮೌಂಟನ್ ಬೈಕ್. ಪಹಣಿ, ಪಾಲು, ಚೆಕ್ ಬೌನ್ಸ್ ಓದಿ ಓದಿ ಸಾಕಾಗಿತ್ತು. ಹಾಗಾಗಿ ಬೇರೆಯವರ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ತಳ್ಳಿ ಇವನ್ನೇ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಚಿಕ್ಕಮಗಳೂರಿನ ಕಡೆ ಎರಡು ದಿನದ ಮೌಂಟನ್ ಬೈಕ್ ರೈಡ್‌ಗೆ 6,500 ರೂಪಾಯಿ ಕಟ್ಟಿ ಹೋಗಿದ್ದೆ. ಸೈಕಲ್, ಹೆಲ್ಮೆಟ್, ಗೈಡ್ ಎಲ್ಲ ಅವರದೇ. ಬೆಳಿಗ್ಗೆಯೇ ಹಿಂದಿನ ಬ್ರೇಕ್ ಹಿಡಿಯುತ್ತಿಲ್ಲ ಎಂದು ಗೈಡ್‌ಗೆ ಹೇಳಿದೆ. ‘ಮುಂದಿನದು ಚೆನ್ನಾಗಿದೆಯಲ್ಲ, ನಿಧಾನಕ್ಕೆ ಬನ್ನಿ’ ಎಂದರು. ಇಳಿಜಾರಿನ ತಿರುವಿನಲ್ಲಿ ಮುಂದಿನ ಬ್ರೇಕ್ ಒತ್ತಿದೆ, ಹ್ಯಾಂಡಲ್ ಮೇಲಿಂದ ಹಾರಿ ಬಿದ್ದೆ. ಕಾಲರ್ ಬೋನ್ ಮುರಿದು ಪ್ಲೇಟ್ ಹಾಕಿದ್ದಾರೆ. ಹೊರಡುವ ಮೊದಲು ‘ಏನೇ ಆದರೂ, ಸಾವು ಸಂಭವಿಸಿದರೂ ಸಂಸ್ಥೆ ಹೊಣೆಯಲ್ಲ’ ಎಂಬ ಕಾಗದಕ್ಕೆ ಎಲ್ಲರಿಂದ ಸಹಿ ಮಾಡಿಸಿಕೊಂಡಿದ್ದರು. ಈಗ ಅದನ್ನೇ ತೋರಿಸುತ್ತಿದ್ದಾರೆ. ನನಗೆ ದಾರಿ ಇದೆಯೇ?
– ಹೆಸರು ಬೇಡ, ಬೆಂಗಳೂರು

ದಾರಿ ಇದೆ. ಆದರೆ ನೀವು ಅಂದುಕೊಂಡಷ್ಟು ನೇರವಾಗಿಲ್ಲ.

ಮೊದಲು ಆ ಕಾಗದದ ವಿಷಯ. ಅದಕ್ಕೆ ಬೆಲೆಯೇ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬೇರು, ಜಾರುವ ಮಣ್ಣು, ಸಡಿಲ ಕಲ್ಲು, ಮಳೆ ಬಿದ್ದ ಮೇಲಿನ ಪಾಚಿ, ಇವೆಲ್ಲ ಆಟದ ಒಳಗೇ ಇರುವ ಅಪಾಯ. ಒಪ್ಪಿ ಬಂದವರು ಆಮೇಲೆ ಅದಕ್ಕೆ ಪರಿಹಾರ ಕೇಳುವಂತಿಲ್ಲ. ಈ ವಿಚಾರ ಹಳೆಯದು. 1860ರ ದಂಡ ಸಂಹಿತೆಯಲ್ಲೇ ಒಂದು ಉದಾಹರಣೆ ಇತ್ತು. ಇಬ್ಬರು ಮೋಜಿಗೆ ಕತ್ತಿವರಸೆ ಆಡಲು ಒಪ್ಪಿದರು. ಆಟದಲ್ಲಿ ಮೋಸವಿಲ್ಲದೆ ಒಬ್ಬನಿಗೆ ಪೆಟ್ಟಾದರೆ ಇನ್ನೊಬ್ಬ ಅಪರಾಧಿ ಅಲ್ಲ. ಈಗಿನ ಭಾರತೀಯ ನ್ಯಾಯ ಸಂಹಿತೆಯ 25ನೇ ಸೆಕ್ಷನ್‌ನಲ್ಲೂ ಅದೇ ಉದಾಹರಣೆ ಮುಂದುವರಿದಿದೆ. ‘ಮೋಸವಿಲ್ಲದೆ’ ಎಂದು ಅಂದು ಬರೆದವರು ಸುಮ್ನೆ ಸೇರಿಸಿದ್ದಲ್ಲ. ನೀವು ಒಪ್ಪಿದ್ದು ಗುಡ್ಡದ ಅಪಾಯಕ್ಕೆ. ರಿಪೇರಿ ಮಾಡದ ಸೈಕಲ್ ಕೊಡಲಿ ಎಂದು ನೀವು ಸಹಿ ಹಾಕಿಲ್ಲ.

ನಿಮಗೆ ಹತ್ತಿರದ ತೀರ್ಪು ಸೈಕಲ್ಲಿನದಲ್ಲ, ಕಾರಿನದು. 1998ರಲ್ಲಿ ದೆಹಲಿಯ ಒಂದು ದೊಡ್ಡ ಹೋಟೆಲಿಗೆ ಬಂದವರು ಪಾರ್ಕ್ ಮಾಡಲು ಸಿಬ್ಬಂದಿಯ ಕೈಗೆ ಕಾರು ಕೊಟ್ಟರು. ಕಾರು ಕಳುವಾಯಿತು. ಚೀಟಿಯಲ್ಲಿ ‘ಮಾಲೀಕರದೇ ಜವಾಬ್ದಾರಿ’ ಎಂದು ಅಚ್ಚಾಗಿದೆ ಎಂದಿತು ಹೋಟೆಲ್. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ. ತನ್ನ ಸ್ವಂತ ಅಲಕ್ಷ್ಯದಿಂದ ಆದ ನಷ್ಟವನ್ನು ಅಂಥ ಒಂದು ಸಾಲು ತೋರಿಸಿ ಕೊಡವಿಕೊಳ್ಳಲು ಆಗದು ಎಂದಿತು. ನಿಮ್ಮ ಪರವಾಗಿ ಹಾಜರಾಗುವವರು ಈ ತೀರ್ಪನ್ನು ಮುಂದಿಡಲಿ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ‘ಅನ್ಯಾಯದ ಒಪ್ಪಂದ’ ಎಂಬುದಕ್ಕೇ ಬೇರೆ ವ್ಯಾಖ್ಯೆ ಇದೆ. ಅದನ್ನೂ ಎತ್ತಬಹುದು. ಆದರೆ ಒಂದು ಸೂಕ್ಷ್ಮ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಒಪ್ಪಂದವನ್ನೇ ಅನ್ಯಾಯ ಎಂದು ರದ್ದು ಮಾಡುವ ಅಧಿಕಾರ ಇಲ್ಲ, ಅದು ರಾಜ್ಯ ಆಯೋಗದ ಕೆಲಸ. ಹಾಗಾಗಿ ‘ಸೇವೆಯಲ್ಲಿ ಲೋಪ’ ಎಂದೇ ಜಿಲ್ಲಾ ಆಯೋಗಕ್ಕೆ ಹೋಗುವುದು ಸಲೀಸು.

ಈಗ ಕಹಿ ಭಾಗ. ಬ್ರೇಕ್ ಕೆಟ್ಟಿದೆ ಎಂದು ನಿಮಗೆ ಬೆಳಿಗ್ಗೆಯೇ ಗೊತ್ತಿತ್ತು. ಗೊತ್ತಿದ್ದೂ ಹತ್ತಿದಿರಿ. ಎದುರು ವಕೀಲರು ಮೊದಲು ಹಿಡಿಯುವುದು ಇದನ್ನೇ. ನಾನು ಅವರ ಕಡೆ ಇದ್ದರೂ ಇದನ್ನೇ ಹಿಡಿಯುತ್ತಿದ್ದೆ. ಅಪಾಯ ಗೊತ್ತಿರುವುದು ಬೇರೆ, ಅದನ್ನು ಒಪ್ಪಿಕೊಳ್ಳುವುದು ಬೇರೆ ಎಂಬ ವಾದ ನಮಗಿದೆ. ಕಾಡಿನ ಮಧ್ಯೆ, ಬದಲಿ ಸೈಕಲ್ ಇಲ್ಲದಾಗ, ಗೈಡ್ ‘ಬನ್ನಿ’ ಎಂದಾಗ ನಿಮಗಿದ್ದ ಆಯ್ಕೆ ಎಷ್ಟು ಎಂದೂ ಕೇಳಬಹುದು. ಆದರೂ ನಿಮ್ಮದೂ ಒಂದು ಪಾಲು ತಪ್ಪು ಎಂದು ಪರಿಹಾರ ಇಳಿಯುವ ಸಾಧ್ಯತೆ ಜಾಸ್ತಿ. ಮುಂಬೈಯಲ್ಲಿ ‘ಬೆಸ್ಟ್’ ಎಂಬ ನಗರ ಸಾರಿಗೆಯ ಬಸ್ಸಿಗೆ ಸಿಕ್ಕಿ ಸತ್ತ ಸೈಕಲ್ ಹುಡುಗನ ಪ್ರಕರಣದಲ್ಲಿ 2003ರಲ್ಲಿ ಸುಪ್ರೀಂ ಕೋರ್ಟ್ ಹಾಗೇ ಮಾಡಿತು. ತಪ್ಪಿನಲ್ಲಿ ಹುಡುಗನದೂ ಪಾಲಿದೆ ಎಂದು ಅಷ್ಟನ್ನು ಕಳೆದು ಉಳಿದದ್ದನ್ನು ಕೊಡಿಸಿತು. ನಿಮಗೆ ಪೂರ್ತಿ ಸಿಗುತ್ತದೆ ಎಂದು ಆಸೆ ಹುಟ್ಟಿಸಿ ಫೀಸ್ ತೆಗೆದುಕೊಳ್ಳುವವರ ಹತ್ತಿರ ಹೋಗಬೇಡಿ.

ನಿಮ್ಮ ಕೇಸಿನ ಜೀವ ಇರುವುದು ‘ಬೆಳಿಗ್ಗೆ ಹೇಳಿದೆ’ ಎಂಬ ಒಂದು ಮಾತಿನಲ್ಲಿ. ಅದಕ್ಕೆ ಸಾಕ್ಷಿ ಯಾರು? ಜೊತೆಗಿದ್ದವರನ್ನು ಈಗಲೇ ಕೇಳಿ. ವಾಟ್ಸ್ಆ್ಯಪ್ ಗುಂಪಿನಲ್ಲಿ ಯಾರಾದರೂ ‘ಬ್ರೇಕ್ ಹೋಗಿದೆ’ ಎಂದು ಬರೆದಿದ್ದರೆ ಅದು ಚಿನ್ನ. ಆ ಸೈಕಲ್ಲಿನ ಬ್ರೇಕ್ ಪ್ಯಾಡ್ ಮತ್ತು ಅದು ಒತ್ತಿ ಹಿಡಿಯುವ ತಟ್ಟೆಯ (ರೋಟರ್) ಫೋಟೋ ಇದೆಯೇ? ಸೈಕಲ್ ಇದ್ದ ಹಾಗೇ ಇಟ್ಟಿರಿ, ಸರ್ವೀಸ್ ದಾಖಲೆ ಕೊಡಿ ಎಂದು ಲೀಗಲ್ ನೋಟಿಸ್ ಕಳಿಸಿ. ಅವರು ರಿಪೇರಿ ಮಾಡಿಸಿ ಮುಂದಿನ ಗುಂಪಿಗೆ ಕೊಟ್ಟಿರುವ ಸಾಧ್ಯತೆಯೇ ಹೆಚ್ಚು. ಆದರೂ ನೋಟಿಸ್ ಕೊಟ್ಟದ್ದು ದಾಖಲೆಯಲ್ಲಿ ಉಳಿಯುತ್ತದೆ. ಪ್ರವಾಸೋದ್ಯಮ ಸಚಿವಾಲಯದ ಜೊತೆ ಸೇರಿ 2018ರಲ್ಲಿ ಹೊರಬಂದ ಸಾಹಸ ಪ್ರವಾಸ ಮಾರ್ಗಸೂಚಿಯಲ್ಲಿ ಸೈಕಲ್ ಪ್ರವಾಸಕ್ಕೂ ಒಂದು ಅಧ್ಯಾಯ ಇದೆ. ಅದು ಕಾನೂನಲ್ಲ, ನಿಜ. ಆದರೆ ಜವಾಬ್ದಾರಿಯುತ ಆಯೋಜಕರು ಏನು ಮಾಡಬೇಕಿತ್ತು ಎಂದು ತೋರಿಸಲು ಒಳ್ಳೆಯ ಅಳತೆಗೋಲು.

ದೂರಿಗೆ ಎರಡು ವರ್ಷದ ಗಡುವು. ಎಷ್ಟು ಪರಿಹಾರ ಕೇಳುತ್ತೀರಿ ಎಂಬುದರ ಮೇಲೆ ಅಲ್ಲ, ಸೇವೆಗೆ ಎಷ್ಟು ಕಟ್ಟಿದ್ದೀರಿ ಎಂಬುದರ ಮೇಲೆ ಯಾವ ಆಯೋಗ ಎಂದು ನಿರ್ಧಾರವಾಗುತ್ತದೆ. ನೀವು ಕಟ್ಟಿದ್ದು 6,500, ಹಾಗಾಗಿ ಜಿಲ್ಲಾ ಆಯೋಗ ಸಾಕು, ಕೋರ್ಟ್ ಶುಲ್ಕವೂ ಇಲ್ಲ. ಚಿಕ್ಕಮಗಳೂರಿಗೆ ಅಲೆಯಬೇಕಿಲ್ಲ, ನೀವಿರುವ ಬೆಂಗಳೂರಿನಲ್ಲೇ ಹಾಕಬಹುದು. ಪೊಲೀಸ್ ದೂರು ಕೊಡಲೇ ಎಂದು ನೀವು ಕೇಳಿಲ್ಲ, ಕೇಳುವವರಿರುತ್ತಾರೆ. ಕೊಡಬಹುದು. ಮೂಳೆ ಮುರಿದರೆ ಕಾನೂನಿನಲ್ಲಿ ಅದು ತೀವ್ರ ಗಾಯ. ಆದರೆ ಕ್ರಿಮಿನಲ್ ಕೇಸಿಗೆ ಬೇಕಾದ ಅಲಕ್ಷ್ಯದ ಮಟ್ಟ ದೊಡ್ಡದು, ಫಲ ನಿಧಾನ. ನನ್ನ ಸಲಹೆ ಗ್ರಾಹಕ ಆಯೋಗ.

ಇನ್ನೊಂದು ಮಾತು, ಆರೋಗ್ಯ ವಿಮೆ ಬಗ್ಗೆ. ಸಾಹಸ ಕ್ರೀಡೆ ಎಂದು ಕ್ಲೇಮ್ ತಿರಸ್ಕರಿಸಿದರೆ ಪಾಲಿಸಿ ತೆಗೆದು ‘ಎಕ್ಸ್‌ಕ್ಲೂಷನ್ 09’ ಓದಿ. ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ ನಿಗದಿ ಮಾಡಿದ ಆ ಸಾಲಿನಲ್ಲಿ ಹೊರಗಿಟ್ಟಿರುವುದು ವೃತ್ತಿಪರರಾಗಿ ಭಾಗವಹಿಸುವವರನ್ನು. ನೀವು ರಜೆಗೆ ಹೋದವರು. ಅಪಘಾತ ವಿಮೆಯ ಪಾಲಿಸಿಯಲ್ಲಿ ಮಾತು ಬೇರೆ ಇರಬಹುದು, ಅದನ್ನು ಬೇರೆಯಾಗಿಯೇ ಓದಿ.

ಪ್ರಶ್ನೆ: ನಮ್ಮ ಕಾಫಿ ತೋಟದ ಜೀಪ್ ದಾರಿಯಲ್ಲಿ ಭಾನುವಾರ ಹುಡುಗರು ಸೈಕಲ್ ತರುತ್ತಾರೆ. ಕೇಳುವುದೂ ಇಲ್ಲ. ಬಿದ್ದರೆ ನನ್ನ ತಲೆಗೆ ಬರುತ್ತದೆಯೇ? ಅಡ್ಡ ತಂತಿ ಕಟ್ಟಿಬಿಡಿ ಎನ್ನುತ್ತಾನೆ ತೋಟದ ಲೆಕ್ಕ ಬರೆಯುವ ನಮ್ಮ ರೈಟರ್.
– ತೋಟದ ಮಾಲಕಿ, ಸಕಲೇಶಪುರ

ತಂತಿ ಮಾತ್ರ ಕಟ್ಟಬೇಡಿ ಅಮ್ಮಾ. ಕೇಳದೆ ಬಂದವರು ತಾವಾಗಿ ಬಿದ್ದರೆ ನಿಮ್ಮ ಹೊಣೆ ತೀರಾ ಕಡಿಮೆ. ಆದರೆ ಬರುತ್ತಾರೆ ಎಂದು ಗೊತ್ತಿದ್ದೂ ಕಾಣದ ತಂತಿ ಕಟ್ಟಿದರೆ ಅದು ಬಲೆ ಒಡ್ಡಿದಂತೆ. ಬಿಹಾರದಲ್ಲಿ ಒಬ್ಬ ತನ್ನ ಶೌಚಾಲಯಕ್ಕೆ ಬೇರೆಯವರು ಬರದಿರಲಿ ಎಂದು ಕರೆಂಟ್ ತಂತಿ ಎಳೆದ. ನೆರೆಮನೆಯ ಹೆಂಗಸು ಸತ್ತಳು. ಅಕ್ರಮವಾಗಿ ಬಂದವಳು ಎಂಬ ವಾದವನ್ನು ಸುಪ್ರೀಂ ಕೋರ್ಟ್ 1963ರಲ್ಲಿ ತಳ್ಳಿಹಾಕಿ ಅವನಿಗಾದ ಶಿಕ್ಷೆಯನ್ನು ಎತ್ತಿಹಿಡಿಯಿತು. ಗೇಟ್ ಹಾಕಿ, ದೊಡ್ಡ ಬೋರ್ಡ್ ಹಾಕಿ, ಸೋಲಾರ್ ಬೇಲಿ ಇದ್ದರೆ ಅದನ್ನೂ ಬರೆಸಿ. ತಲಾ ನೂರು ರೂಪಾಯಿ ತೆಗೆದುಕೊಂಡು ಬಿಡೋಣ ಎಂದು ಯಾರಾದರೂ ಐಡಿಯಾ ಕೊಟ್ಟರೆ ಹುಷಾರು. ದುಡ್ಡು ತೆಗೆದುಕೊಂಡ ದಿನ ನೀವು ಸೇವೆ ಕೊಡುವವರಾಗುತ್ತೀರಿ. ಆಗ ಮೇಲಿನ ಬೆಂಗಳೂರಿನವರಿಗೆ ನಾನು ಹೇಳಿದ್ದೆಲ್ಲ ನಿಮ್ಮ ವಿರುದ್ಧ ಬರುತ್ತದೆ.

ಪ್ರಶ್ನೆ: ತುರಹಳ್ಳಿ ಕಾಡಿನ ಇಳಿಜಾರಿನಲ್ಲಿ ವಾಕಿಂಗ್ ಬಂದ ಅಜ್ಜಿಯೊಬ್ಬರಿಗೆ ನನ್ನ ಸೈಕಲ್ ತಾಗಿತು. ಮಣಿಕಟ್ಟು ಮುರಿದಿದೆ. ಸವಾರಿಯ ಟೈಮ್ ದಾಖಲಿಸುವ ಸ್ಟ್ರಾವಾ ಆ್ಯಪ್‌ನಲ್ಲಿ ನನ್ನ ಹಳೇ ಟೈಮ್ ಮುರಿಯಲು ಹೊರಟಿದ್ದೆ, ನಿಜ. ಆದರೆ ಅವರೇ ಅಡ್ಡ ಬಂದರು. ಹೆಲ್ಮೆಟ್ ಕ್ಯಾಮೆರಾ ವಿಡಿಯೋ ಮತ್ತು ಸ್ಟ್ರಾವಾ ದಾಖಲೆ ಅಳಿಸಿಬಿಡು ಎನ್ನುತ್ತಾರೆ ಗೆಳೆಯರು.
– ವಿದ್ಯಾರ್ಥಿ, ಬೆಂಗಳೂರು

ಅಳಿಸಬೇಡಿ. ಸಾಕ್ಷ್ಯ ನಾಶವೇ ಬೇರೆ ಅಪರಾಧ. ಈಗ ನಿಮ್ಮ ಮೇಲೆ ಬರಬಹುದಾದದ್ದು ನ್ಯಾಯ ಸಂಹಿತೆಯ 125ನೇ ಸೆಕ್ಷನ್. ಅದಕ್ಕೆ ಸಾರ್ವಜನಿಕ ರಸ್ತೆಯೇ ಆಗಬೇಕಿಲ್ಲ, ಮೋಟಾರು ವಾಹನವೇ ಆಗಬೇಕಿಲ್ಲ. ದುಡುಕಿ ತೀವ್ರ ಗಾಯ ಮಾಡಿದರೆ ಮೂರು ವರ್ಷದವರೆಗೆ ಜೈಲು, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಸೈಕಲ್‌ಗೆ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಿಲ್ಲ. ಪ್ರತ್ಯೇಕ ಪಾಲಿಸಿ ಮಾಡಿಸಿಲ್ಲದಿದ್ದರೆ ಪರಿಹಾರ ನಿಮ್ಮ ಜೇಬಿನಿಂದಲೇ.

‘ಅಡ್ಡ ಬಂದರು’ ಎಂಬ ಮಾತು ಬಿಡಿ. ಮೊದಲ ಪತ್ರದವರು ಕಾಗದಕ್ಕೆ ಸಹಿಯಾದರೂ ಹಾಕಿದ್ದರು. ಅಜ್ಜಿ ನಿಮ್ಮ ಆಟಕ್ಕೆ ಯಾವ ಸಹಿಯನ್ನೂ ಹಾಕಿಲ್ಲ. ಆ್ಯಪ್ ಹುಚ್ಚು ಹತ್ತಿಸಿತು ಎಂಬ ವಾದವೂ ನಡೆಯುವುದು ಕಷ್ಟ. ಕ್ಯಾಲಿಫೋರ್ನಿಯಾದ ಬರ್ಕ್ಲಿ ಬಳಿ 2010ರಲ್ಲಿ ಇಳಿಜಾರಿನ ದಾಖಲೆ ಮರಳಿ ಪಡೆಯಲು ಹೋದ ಸವಾರರೊಬ್ಬರು ಕಾರಿಗೆ ಹೆದರಿ ಬ್ರೇಕ್ ಹಾಕಿ ಬಿದ್ದು ಸತ್ತರು. ಮನೆಯವರು ಸ್ಟ್ರಾವಾ ಮೇಲೆ ಕೇಸು ಹಾಕಿದರು. ಅಪಾಯವನ್ನು ಸವಾರನೇ ಮೈಮೇಲೆ ಎಳೆದುಕೊಂಡದ್ದು ಎಂದು 2013ರಲ್ಲಿ ನ್ಯಾಯಾಲಯ ಅದನ್ನು ವಜಾ ಮಾಡಿತು.

ಮನೆಯ ಹಿರಿಯರೊಬ್ಬರನ್ನು ಕರೆದುಕೊಂಡು ಅಜ್ಜಿಯ ಮನೆಗೆ ಹೋಗಿ. ಆಸ್ಪತ್ರೆ ಬಿಲ್ ಎಷ್ಟಾಯಿತು, ಮನೆಕೆಲಸಕ್ಕೆ ಯಾರಿದ್ದಾರೆ ಎಂದು ಕೇಳಿ. ಹಣವನ್ನು ಬ್ಯಾಂಕ್ ಮೂಲಕವೇ ಕೊಡಿ, ಯಾತಕ್ಕೆ ಎಂದು ಬರೆದಿಡಿ. ನಾಳೆ ಎಫ್‌ಐಆರ್ ಆದರೂ ಇದು ನ್ಯಾಯಾಲಯದ ಅನುಮತಿ ಪಡೆದು ರಾಜಿ ಮಾಡಿಕೊಳ್ಳಬಹುದಾದ ಅಪರಾಧ. ಆಗ ಅಜ್ಜಿಯ ಮಾತೇ ನಿಮಗೆ ಮುಖ್ಯವಾಗುತ್ತದೆ. ಹೋಗುವಾಗ ಗೆಳೆಯರನ್ನು ಮಾತ್ರ ಕರೆದುಕೊಂಡು ಹೋಗಬೇಡಿ.